ಒಂದೇ ರಾತ್ರಿಗೆ ಮುಗಿಸಿದ್ರ ಹ್ಯಾಂಗ್ರಿ ಮಾಸ್ತರ್ರೆ?

ಓದುಗರ ಪತ್ರ: "ನಿಮ್ಮ ಪತ್ರಿಕೆ ಹೊಗಳಿತೆಂದು ಆ ನಗೆಪ್ರಬಂಧಗಳ ಪುಸ್ತಕ ತರಿಸಿ ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದೆ. ಮೊದಲ ನಾಲ್ಕಕ್ಕೆ ನಕ್ಕೆ, ಆಮೇಲೆ ಎಲ್ಲವೂ ಒಂದೇ ಥರ. ತೂಕವಿಲ್ಲ, ಸಂದೇಶವಿಲ್ಲ, ಭಾಷೆ ಸಂತೆಯದು. ಇಂಥವಕ್ಕೆ ಕೊಡುವ ಪುಟಗಳನ್ನು ಗಂಭೀರ ಸಾಹಿತ್ಯಕ್ಕೆ ಕೊಡಬಾರದೇ?"
– ನಿವೃತ್ತ ಶಿಕ್ಷಕರು, ಸೇಡಂ

ಸಂಪಾದಕರ ಉತ್ತರ:

ನಮಸ್ಕಾರ ಮಾಸ್ತರ್ರೆ. ಆ ಪುಸ್ತಕದ ಬಗ್ಗೆ ಬಂದ ಪತ್ರದಾಗ ನಿಮ್ದೇ ಉದ್ದಂದು, ನಿಮ್ದೇ ಸಿಟ್ಟಿಂದು, ಅದಕ್ಕ ಇದನ್ನೇ ಆರಿಸೀನಿ. ಮೊದ್ಲು ಒಪ್ಪೋದು ಒಪ್ಪಿಬಿಡ್ತೀನಿ. ಹೆಂಡ್ತಿ ಮ್ಯಾಲಿನ ಜೋಕು ಅದರಾಗ ನಾಕೈದು ಕಡಿ ಅವ, ಅವು ನಮ್ಮಜ್ಜನ ಕಾಲಕ್ಕೇ ಹಳಸಿದ್ವು, ಕಡೀಗೆ ಒಂದು ಪಂಚ್ ಹೊಡೀಲೇಬೇಕು ಅನ್ನೋ ಚಟಾನೂ ಲೇಖಕರಿಗದ. ಆಯ್ತಲ್ರಿ? ಇನ್ನ ನನ್ನ ಮಾತು ಕೇಳ್ರಿ.

ಒಂದೇ ರಾತ್ರಿಗೆ ಇಡೀ ಪುಸ್ತಕಾನೇ? ಇವೆಲ್ಲ ವಾರಕ್ಕೊಂದರಂಗ ಅಂಕಣಕ್ಕ ಬರ್ದದ್ದು, ಮುಂದಿನ ವಾರ ಬರೋದ್ರಾಗ ಓದುಗ ಹಿಂದಿಂದು ಮರ್ತಿರ್ತಾನ ಅಂತ ಲೆಕ್ಕಾ ಹಾಕೇ ಬರೀತಾರ. ಹಂಗಾಗಿ ಅದೇ ಬೀಗರು, ಅದೇ ಕೂಲರ್, ಮೇ ತಿಂಗಳಾಗ ಅದೇ ಕರೆಂಟ್ ಹೋಗೋದು ತಿರುತಿರುಗಿ ಬರ್ತಾವ. ರುಚಿ ಅದ ಅಂತ ಒಂದು ತಾಟು ಮಾಲ್ಪುರಿ ಕುಂತಲ್ಲೇ ಖಾಲಿ ಮಾಡಿ, ಆಮ್ಯಾಲ ಹಲವಾಯಿ ಮ್ಯಾಲ ಸಿಟ್ಟಾದ್ರ ಏನು ಹೇಳ್ಬೇಕು? ಬೀದರ್‌ನಿಂದ ಒಬ್ಬ ನರ್ಸ್ ತಂಗಿ ಬರ್ದಾರ, ನೈಟ್ ಡ್ಯೂಟಿ ಮುಗಿಸಿ ಬಸ್ಸಿನಾಗ ಕುಂತಾಗ ಒಂದೇ ಒಂದು ಓದಿ ಪುಸ್ತಕ ಬ್ಯಾಗಿನಾಗ ಇಡ್ತಾರಂತ. ಯಾದಗಿರಿಯ ಟೇಲರ್ ಒಬ್ರು ಬಟ್ಟಿ ರೆಡಿ ಇಲ್ಲದ ದಿನ ಗಿರಾಕಿಗೆ ಒಂದು ಪ್ರಬಂಧ ಓದಿ ಹೇಳ್ತಾರಂತ, ಜಗಳ ಕಮ್ಮಿ ಆಗ್ಯಾವಂತ! ಇವರಿಗೆ ಓದೋದು ಗೊತ್ತದ ಬಿಡ್ರಿ.

ಸಂದೇಶ ಇಲ್ಲ ಅಂದ್ರಿ. ಬಸ್ ಸ್ಟ್ಯಾಂಡಿನ ಚಹಾದ ಪ್ರಬಂಧ ನೆನಪದ ಏನು? ಇಬ್ರು ಬೀಗರು "ನಾ ಕೊಡ್ತೀನಿ", "ಏ ನೀವು ಸುಮ್ಮನಿರ್ರಿ, ನಾ ಕೊಡ್ತೀನಿ" ಅಂತ ಗಲ್ಲಾದ ಮುಂದ ಎಳದಾಡ್ತಾರ, ಜಾಸ್ತಿ ಒದರೋ ಬೀಗರ ಕೈ ಮಾತ್ರ ಜೇಬಿನಾಗ ಹೋದದ್ದು ಹೊರಗೇ ಬರಲ್ಲ, ಹೋಟೆಲ್ ಮಾಲಕ ಅದನ್ನೇ ನೋಡ್ತಾ ಚಿಲ್ಲರ ಎಣಿಸ್ತಾ ಕುಂತಿರ್ತಾನ, ಅಷ್ಟರಾಗ ಬಸ್ಸು ಹೊಂಟೇ ಹೋಗ್ತದ. ಒಟ್ಟು ಒಂದೂವರಿ ಪುಟ. ಜೇಬಿನಾಗಿನ ಆ ಕೈಗೆ ಒಂದೇ ಸಾಲು ಕೊಟ್ಟಾರ, ಎರಡನೇ ಸಾಲು ಬರ್ದಿದ್ರ ಕೆಡ್ತಿತ್ತು. ಕೆಳಗ ಒಂದು ನೀತಿ ಬ್ಯಾರೆ ಬರೀಬೇಕಿತ್ತೇನು? ಮತ್ತ ಸಂತಿ ಭಾಷಾ ಅಂದ್ರಿ, ನಿಮ್ಮ ಸೇಡಂದಾಗ ಬೀಗರು ಗಲ್ಲಾದ ಮುಂದ ಗ್ರಂಥದ ಕನ್ನಡ ಮಾತಾಡ್ತಾರೇನ್ರಿ?

ಖರೇ ಹೇಳ್ಬೇಕಂದ್ರ ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ನಗಸೋರನ್ನ ಹಿಂದಿನ ಪಂಕ್ತ್ಯಾಗ ಕೂಡ್ಸೋದು ಕನ್ನಡದಾಗ ಹಳೇ ರೋಗ. ರಾಶಿ ಅಂತ ಬರೀತಿದ್ರಲ್ಲ ಡಾಕ್ಟರ್ ಶಿವರಾಂ, ಅವರು 1942ರಾಗ 'ಕೊರವಂಜಿ' ಅನ್ನೋ ಹಾಸ್ಯಪತ್ರಿಕೆ ಶುರು ಮಾಡಿದ್ರು, ಅದು 1967ರ ತನಕ ನಡೀತು, ಆರ್.ಕೆ. ಲಕ್ಷ್ಮಣ್ ಇನ್ನೂ ಹುಡುಗ ಇದ್ದಾಗ ಅದಕ್ಕ ಚಿತ್ರ ಬರ್ದಾರ. ಬರೇ ನಗಿ ಇಟ್ಕೊಂಡು ಇಪ್ಪತ್ತೈದು ವರ್ಷ! ಪ್ರೆಸ್ಸಿನ ಬಿಲ್ಲು ನೋಡಿ ಬೆವರೋ ನನ್ನಂಥವಗ ಅದು ಎಂಥಾ ಕೆಲಸ ಅಂತ ತಿಳೀತದ. ಹರಪನಹಳ್ಳಿಯ ಬೀಚಿ ಸೃಷ್ಟಿಸಿದ ತಿಂಮ ಇನ್ನೂ ಮಂದಿ ಬಾಯಾಗ ಅದಾನ, ವಿಮರ್ಶಕರ ಬಾಯಾಗ ಎಷ್ಟು ಸಲ ಬಂದಾನ ಹೇಳ್ರಿ? ಗೊರೂರು ರಾಮಸ್ವಾಮಿ ಅಯ್ಯಂಗಾರರು ಹೇಮಾವತಿ ದಂಡಿ ಮಂದಿನ್ನ ಬರ್ದು ಬರ್ದು ನಾಡನ್ನ ನಗಸಿದ್ರು, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1980ರಾಗ, ಅದೂ ಅಮೆರಿಕಾ ಪ್ರವಾಸದ ಪುಸ್ತಕಕ್ಕ.

ಓದೋರೂ ಕಮ್ಮಿ ಇಲ್ಲ. 2020ರ ಫೆಬ್ರವರಿದಾಗ ಇಲ್ಲೇ ಗುಲ್ಬರ್ಗಾ ವಿಶ್ವವಿದ್ಯಾಲಯದ ಆವರಣದಾಗ 85ನೇ ಸಾಹಿತ್ಯ ಸಮ್ಮೇಳನ ಆಯ್ತಲ್ಲ, ಒಂದು ಪುಸ್ತಕದ ಮಳಿಗ್ಯಾಗ ಒಬ್ಬಂವ ನಿಂತಲ್ಲೇ ನಗೆಬರಹ ಓದಿ ಹೆಗಲು ಕುಣಿಸಿ ನಕ್ಕು, ಪಕ್ಕದವನಿಗೂ ತೋರಿಸಿ ನಗಿಸಿ, ಪುಸ್ತಕ ಇದ್ದಲ್ಲೇ ಇಟ್ಟು ಎಫ್‌ಡಿಎ ಪರೀಕ್ಷಾ ಗೈಡ್ ಕೊಂಡು ಹೋದ. ನೌಕರಿ ಬೇಕು, ಅದಕ್ಕ ತಕರಾರಿಲ್ಲ. ಆದ್ರ ಹಾಸ್ಯಸಂಜೆ ಇಟ್ರ ಕುರ್ಚಿ ಸಾಲಲ್ಲ, ಫೋನಿನಾಗ ಕ್ಲಿಪ್ಪು ಊರೆಲ್ಲ ಫಾರ್ವರ್ಡ್ ಆಗ್ತಾವ, ಬರ್ದ ಹಾಸ್ಯಕ್ಕ ನೂರೈವತ್ತು ರೂಪಾಯಿ ಬಿಚ್ಚು ಅಂದ್ರ ಆ ಬೀಗರಂಗೇ ಎಲ್ಲರ ಕೈ ಜೇಬಿನಾಗ. ನೀವರ ರೊಕ್ಕಾ ಕೊಟ್ಟು ತರ್ಸೀರಿ, ಅದಕ್ಕ ನಿಮ್ಮ ಬೈಗುಳಾನೂ ನನಗ ಸಿಹಿನೇ.

ಇನ್ನೊಂದು. ಪತ್ರದ ಕಡೀ ಪ್ಯಾರಾ ನಾ ಮ್ಯಾಲ ಹಾಕಿಲ್ಲ, ಬೇಕಂತಲೇ ಬಿಟ್ಟೀನಿ. ಏಳನೇತ್ತಾದಾಗ ನೀವು ಫೇಲ್ ಮಾಡಿದ ಹುಡುಗ ಎಲೆಕ್ಷನ್ ಡ್ಯೂಟಿ ದಿನ ಪೋಲಿಂಗ್ ಏಜೆಂಟ್ ಆಗಿ ಎದುರಿಗೆ ಕುಂತು, ನೀವು ಬರ್ದ ಲೆಕ್ಕಾ ಎಲ್ಲಾ ಎರಡೆರಡು ಸಲ ಚೆಕ್ ಮಾಡಿದ್ದು. ಸಿಟ್ಟಿಲೇ ಬರ್ದೀರಿ, ಆಫೀಸಿನಾಗ ಎಲ್ಲಾರೂ ಬಿದ್ದು ಬಿದ್ದು ನಕ್ಕೀವಿ. ಅದನ್ನೇ ಎರಡು ಪುಟ ಮಾಡಿ ಕಳಸ್ರಿ, ದೀಪಾವಳಿ ಸಂಚಿಕ್ಯಾಗ ಜಾಗ ಇಟ್ಟೀನಿ. ಕೈಬರಹ ಆದ್ರೂ ನಡೀತದ, ಹಾಳಿ ಒಂದೇ ಬದಿ ಬರೀರಿ, ಸಂದೇಶ ಹಾಕ್ಬ್ಯಾಡ್ರಿ.