ಕುಮಾಸಿಗೆ ಹೊರಟಿರುವ ತಮ್ಮನಿಗೆ

ಕಾರ್ಕಳದವನು, ಘಾನಾದ ಕುಮಾಸಿಯಲ್ಲಿ ಕೆಲಸ ಸಿಕ್ಕಿದೆ, ಅಲ್ಲಿ ಇನ್ನೂ ಅರಸರ ಕಟ್ಟಳೆಯಂತೆ, ಮಾಟಮಂತ್ರವೂ ಜಾಸ್ತಿಯಂತೆ, ಬರಲೋ ಬೇಡವೋ ಎಂದು ಕೇಳಿದ್ದೀರಿ. ಧೈರ್ಯವಾಗಿ ಬನ್ನಿ. ನನ್ನೂರು ಉಡುಪಿ ಕಡೆ, ಇಲ್ಲಿಗೆ ಬಂದು 16 ವರ್ಷವಾಯಿತು. ಮನೆ, ಅಕ್ಕಿ, ಸೊಳ್ಳೆಪರದೆ ಎಲ್ಲ ತಿಂಗಳೊಳಗೆ ಹೊಂದಿಕೊಳ್ಳುತ್ತದೆ. ಅರಸರ ವಿಷಯ ಮಾತ್ರ ತಿಳಿದುಕೊಂಡೇ ಬನ್ನಿ.

ಅಧ್ಯಕ್ಷರು, ಸಂಸತ್ತು ಇರುವುದು ರಾಜಧಾನಿ ಅಕ್ರಾದಲ್ಲಿ. ಕುಮಾಸಿಯ ಮನ್ಶಿಯಾ ಅರಮನೆಯಲ್ಲಿರುವವರು ಅಸಾಂತೆ ಜನರ ಅರಸರು, ಅಸಾಂತೆಹೆನೆ. 1999ರಿಂದ ಎರಡನೇ ಒಸೆಯಿ ಟುಟು ಪಟ್ಟದಲ್ಲಿದ್ದಾರೆ. ಪೊಲೀಸು, ಸೈನ್ಯ ಅವರದ್ದಲ್ಲ. ಆದರೂ ಜಾಗದ ತಕರಾರು, ಮನೆತನದ ವ್ಯಾಜ್ಯ ಇಂದಿಗೂ ಅವರ ಮುಂದೆ ಬರುತ್ತವೆ. ಸುತ್ತಲಿನ ಬಹಳಷ್ಟು ಭೂಮಿ ಪೀಠದ್ದೇ, ಅಂದರೆ ಅರಸುಪಟ್ಟಕ್ಕೆ ಸೇರಿದ್ದು. ವಿದೇಶಿಯರಿಗೆ ಹೆಚ್ಚೆಂದರೆ 50 ವರ್ಷದ ಗುತ್ತಿಗೆ, ಯಾರಾದರೂ ಕ್ರಯಕ್ಕೆ ಕೊಡಿಸುತ್ತೇನೆಂದರೆ ನಂಬಬೇಡಿ.

ಪೀಠ ಎಂದೆನಲ್ಲ, ಈ ಊರಿನ ಜೀವವೇ ಅದು. ಅಸಾಂತೆ ರಾಜ್ಯ ಕಟ್ಟಿದ ಮೊದಲನೇ ಒಸೆಯಿ ಟುಟುವಿನ ಮಡಿಲಿಗೆ ಅರ್ಚಕ ಒಕೊಂಫೊ ಅನೊಚೆ ಆಕಾಶದಿಂದ ಇಳಿಸಿದ ಚಿನ್ನದ ಪೀಠ, ಇಡೀ ಜನಾಂಗದ ಆತ್ಮ ಅದರೊಳಗಿದೆ ಎಂಬ ನಂಬಿಕೆ. ಇಳಿದದ್ದು ಶುಕ್ರವಾರ, ಹಾಗಾಗಿ ಆ ದಿನ ಹುಟ್ಟಿದ ಗಂಡುಮಕ್ಕಳಂತೆ ಅದಕ್ಕೂ ‘ಕೋಫಿ’ ಎಂದೇ ಹೆಸರು. ಅರಸರೂ ಅದರ ಮೇಲೆ ಕೂರುವುದಿಲ್ಲ. 1900ರಲ್ಲಿ ಬ್ರಿಟಿಷ್ ಗವರ್ನರ್ ಹಾಡ್ಜ್‌ಸನ್ ಕೂರಲು ಅದನ್ನೇ ಕೇಳಿದ. ಎಜಿಸು ಊರಿನ ರಾಜಮಾತೆ ಯಾ ಅಸಾಂಟೆವಾ ಯುದ್ಧಕ್ಕೇ ನಿಂತರು. ಬ್ರಿಟಿಷರು ಆಕೆಯನ್ನು ಸೆಶೆಲ್ಸ್‌ಗೆ ಗಡೀಪಾರು ಮಾಡಿದರು, ಪೀಠ ಮಾತ್ರ ಅವರ ಕೈಗೆ ಸಿಗಲಿಲ್ಲ. ಇಲ್ಲಿಯವರು ಇದನ್ನು ಹೇಳುವಾಗ ನಿನ್ನೆ ನಡೆದಂತೆ ಹೇಳುತ್ತಾರೆ. ಮೂಢನಂಬಿಕೆ ಎಂಬ ಪದ ದಯವಿಟ್ಟು ನಿಮ್ಮ ಬಾಯಲ್ಲಿ ಬರದಿರಲಿ.

ಪಟ್ಟ ಅರಸರ ಮಗನಿಗೆ ಹೋಗುವುದಿಲ್ಲ, ತಾಯಿಯ ಕಡೆಯ ರಕ್ತಕ್ಕೆ. ಹೆಸರು ಸೂಚಿಸುವವರು ರಾಜಮಾತೆ. ಬೇರೆ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕು, ತಾಯಿಯ ಕಡೆಯಿಂದ ಆಸ್ತಿ ಸಾಗುವ ಅಳಿಯಕಟ್ಟು ಕಂಡ ನಮಗೆ ಬೇಡ. ಭೂಮಿತಾಯಿ ಅಸಾಸೆ ಯಾಳ ದಿನ ಗುರುವಾರ, ಅಂದು ಹಳೆಯ ರೈತರು ಮಣ್ಣು ಅಗೆಯುವುದಿಲ್ಲ. ಅದನ್ನು ಕೇಳಿದ ದಿನ ನನಗೆ ನಮ್ಮೂರಲ್ಲಿ ಭೂಮಿ ಅಗೆಯದ ಹಬ್ಬ ಕೆಡ್ಡಸ ನೆನಪಾಗಿ ಕಣ್ಣು ತುಂಬಿತು. ಭಾನುವಾರ ಇದೇ ಜನ ಚರ್ಚಿಗೂ ಹೋಗುತ್ತಾರೆ, ತೀರಿಹೋದ ಹಿರಿಯರಿಗೆಂದು ಮದ್ಯದ ಹನಿ ನೆಲಕ್ಕೂ ಎರೆಯುತ್ತಾರೆ. ನೀವು ಹೆದರುವ ಮಾಟದ ಮಾತು ಇಲ್ಲಿಯೂ ಉಂಟು, ನಮ್ಮ ಊರಲ್ಲಿ ಇಲ್ಲವೇ?

ಬಂದ ಮೊದಲ ವಾರ ಕೆಜೆಟಿಯಾ ಮಾರುಕಟ್ಟೆಯಲ್ಲಿ ಬಲಗೈಯಲ್ಲಿ ಚೀಲವಿತ್ತೆಂದು ಎಡಗೈಯಲ್ಲಿ ನೋಟು ಚಾಚಿದೆ. ಟೊಮೆಟೊ ಮಾರುವ ಅಜ್ಜಿ ಕೈ ಮುಂದೆ ತರಲಿಲ್ಲ. ನೋಟನ್ನೂ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತ ಕೂತರು. ಚೀಲ ಕೆಳಗಿಟ್ಟು ಬಲಗೈಯಲ್ಲಿ ಕೊಟ್ಟಾಗ ತೆಗೆದುಕೊಂಡು, ಮೇಲೊಂದು ಹಣ್ಣು ಹಾಕಿದರು. ನಮ್ಮ ಅಜ್ಜಿಯೂ ಹಾಗೇ ಕಲಿಸಿದ್ದಳು, ನಾನು ಮರೆತಿದ್ದೆ.

42 ದಿನಕ್ಕೊಮ್ಮೆ ಭಾನುವಾರ ಅಕ್ವಾಸಿದೈ, ಅರಸರು ದೊಡ್ಡ ಛತ್ರಿಯಡಿ ದರ್ಶನ ಕೊಡುವ ದಿನ. ಅವರೊಡನೆ ನೇರ ಮಾತಿಲ್ಲ, ಚಿನ್ನದ ಹಿಡಿಕೆಯ ಕೋಲು ಹಿಡಿದ ವಕ್ತಾರರ ಮೂಲಕವೇ. ಎದುರು ಹೋಗುವ ಗಂಡಸರು ಚಪ್ಪಲಿ ಕಳಚಿ, ಹೊದ್ದ ಬಟ್ಟೆಯನ್ನು ಹೆಗಲಿನಿಂದ ಇಳಿಸುತ್ತಾರೆ. ಕೃಷ್ಣ ಮಠದೊಳಗೆ ಅಂಗಿ ಕಳಚಿದವರಿಗೆ ಅದೇನು ಹೊಸದೇ? ಬಂದ ಮೇಲೆ ತಿಳಿಸಿ, ಮೊದಲ ಸಲ ನಾನೇ ಜೊತೆಗೆ ಬರುತ್ತೇನೆ.