ಹಳ್ಳಿಯ ಆರೋಗ್ಯ ಕಾರ್ಯಕ್ರಮಗಳಿಗೆ ಆಪರೇಷನ್ಸ್ ರಿಸರ್ಚ್‌ನಿಂದ ಪ್ರಯೋಜನವಿದೆಯೇ?

ಸೈನ್ಯ, ಕಾರ್ಖಾನೆಗಳಿಗೆಂದು ಬೆಳೆದ ಆಪರೇಷನ್ಸ್ ರಿಸರ್ಚ್ (ಕೆಲಸ ಎಲ್ಲಿ ತೊಡಕಾಗುತ್ತಿದೆ ಎಂದು ಎಣಿಸಿ, ಹೋಲಿಸಿ ನೋಡಿ ಸರಿಪಡಿಸುವ ವಿಧಾನ) ಆಶಾ ಕಾರ್ಯಕರ್ತೆಯರು ನಡೆಸುವಂಥ ಕಾರ್ಯಕ್ರಮಕ್ಕೂ ಉಪಯೋಗವಾದೀತೇ, ಅದಕ್ಕೆ ದೊಡ್ಡ ಗಣಿತ ಬೇಕೇ ಎಂದು ಕೇಳಿದ್ದೀರಿ. ಖಂಡಿತ ಉಪಯೋಗವಾಗುತ್ತದೆ, ದೊಡ್ಡ ಗಣಿತ ಬೇಕಾಗುವುದು ಮಾತ್ರ ಅಪರೂಪ.

ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ತುಮಕೂರು ಜಿಲ್ಲೆಯಲ್ಲೇ ಇದೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾದಾಗ, ಹಳ್ಳಿಯವರಿಗೆ ಕ್ಷಯದ ಅರಿವಿಲ್ಲ, ಎಕ್ಸ್‌ರೇ ಯಂತ್ರ ಹೊತ್ತು ನಾವೇ ಅವರನ್ನು ಹುಡುಕಿಕೊಂಡು ಹೋಗಬೇಕು ಎಂಬ ನಂಬಿಕೆ ಬಲವಾಗಿತ್ತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರಿನ ಹಳ್ಳಿಗಳಲ್ಲಿ ಪತ್ತೆಯಾದ ರೋಗಿಗಳನ್ನೇ ಕೂರಿಸಿ ಮಾತನಾಡಿಸಿ, 1963ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಬುಡಮೇಲು ಮಾಡಿತು. ರೋಗಿಗಳಲ್ಲಿ ಬಹುತೇಕರಿಗೆ ತಮ್ಮ ಕೆಮ್ಮು, ಜ್ವರದ ಅರಿವಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿ, ಒಂದು ಬಾಟಲಿ ಕೆಮ್ಮಿನ ಔಷಧಿ ಹಿಡಿದು ವಾಪಸಾಗಿದ್ದರು. ಜನರ ಅಜ್ಞಾನವೆಂದು ನಾವು ಷರಾ ಬರೆಯುವ ಎಷ್ಟೋ ತೊಡಕುಗಳು ವಾಸ್ತವವಾಗಿ ಮೇಜಿನ ಈಚೆ ಬದಿಯಲ್ಲೇ ಇರುತ್ತವೆ. ಕೆಮ್ಮೆಂದು ತಾವಾಗಿ ಬಂದವರ ಕಫವನ್ನು ಸಾಮಾನ್ಯ ಆಸ್ಪತ್ರೆಯಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿ, 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ಬೆನ್ನೆಲುಬಾದದ್ದು ಇಂಥ ಕೆಲಸದ ಬಲದಿಂದ.

ನಾನು ಕೆಲವು ವರ್ಷ ಒಂದು ಜಿಲ್ಲೆಯಲ್ಲಿ ಆರೋಗ್ಯದ ಅಂಕಿಅಂಶ ನೋಡಿಕೊಳ್ಳುತ್ತಿದ್ದೆ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಕಫದ ಮಾದರಿಗಳು ತೀರ ಕಡಿಮೆ ಬರುತ್ತಿದ್ದವು, ಪ್ರತಿ ಸಭೆಯಲ್ಲೂ ಆಶಾ ಕಾರ್ಯಕರ್ತೆಯರಿಗೆ ಬೈಗುಳ. ಕೊನೆಗೆ ಎರಡು ರಿಜಿಸ್ಟರುಗಳನ್ನು ಅಕ್ಕಪಕ್ಕ ಇಟ್ಟು ದಿನಾಂಕ ತಾಳೆ ನೋಡಿದೆವು: ಅವರು ಡಬ್ಬಿ ತರುತ್ತಿದ್ದುದು ಸೋಮವಾರದ ಸಭೆಗೆ, ಎರಡು ಕೇಂದ್ರಗಳಿಗೆ ಹಂಚಿಹೋಗಿದ್ದ ಲ್ಯಾಬ್ ಟೆಕ್ನೀಷಿಯನ್ ಅಲ್ಲಿರುತ್ತಿದ್ದುದು ಮಂಗಳವಾರ ಮತ್ತು ಶುಕ್ರವಾರ. ಸಭೆಯನ್ನು ಮಂಗಳವಾರಕ್ಕೆ ಬದಲಿಸಿದೆವು, ಅಷ್ಟೇ. ಅದನ್ನು ಸಂಶೋಧನೆ ಎಂದು ಕರೆಯಲು ಆಗ ನಮಗೆ ಸಂಕೋಚವಾಗಿತ್ತು.

ಆದರೆ ಎಲ್ಲ ಪ್ರಶ್ನೆಯೂ ರಿಜಿಸ್ಟರಿನಲ್ಲಿ ಬಗೆಹರಿಯುವುದಿಲ್ಲ. ಘಾನಾ ದೇಶದ ನವ್ರಾಂಗೋದಲ್ಲಿ 1990ರ ದಶಕದಲ್ಲಿ ಕೆಲವು ಪ್ರದೇಶಗಳಿಗೆ ಊರಲ್ಲೇ ನೆಲೆಸುವ ನರ್ಸ್, ಕೆಲವಕ್ಕೆ ಸ್ಥಳೀಯ ಸ್ವಯಂಸೇವಕರು, ಕೆಲವಕ್ಕೆ ಇಬ್ಬರೂ, ಉಳಿದವಕ್ಕೆ ಎಂದಿನ ಸೇವೆ ಎಂದು ವಿಂಗಡಿಸಿ ವರ್ಷಗಟ್ಟಲೆ ಹೋಲಿಸಿ ನೋಡಿದರು. ನರ್ಸ್ ನೆಲೆಸಿದಲ್ಲಿ ಮಕ್ಕಳ ಸಾವು ಇಳಿಯಿತು. ಸ್ವಯಂಸೇವಕರನ್ನಷ್ಟೇ ನೆಚ್ಚಿಕೊಂಡಲ್ಲಿ ಆ ಫಲ ಸಿಗಲಿಲ್ಲ. ಸರ್ಕಾರ ಅದನ್ನೇ ದೇಶದ ನೀತಿಯಾಗಿಸಿತು.

ನೀವು ಆರಂಭಿಸುವುದಾದರೆ, ಒಬ್ಬ ರೋಗಿಯ ಮೊದಲ ಕೆಮ್ಮಿನಿಂದ ಚಿಕಿತ್ಸೆ ಮುಗಿಯುವವರೆಗಿನ ದಾರಿಯನ್ನು ಹಾಳೆಯ ಮೇಲೆ ಬರೆದು, ಪ್ರತಿ ಹಂತದಲ್ಲೂ ಎಷ್ಟು ಜನ ಉಳಿದರು, ಎಷ್ಟು ದಿನ ಕಳೆಯಿತು ಎಂದು ಎಣಿಸಿ. ಹೆಚ್ಚು ಸೋರುವ ಒಂದೇ ಹಂತವನ್ನು ಕೆಲವು ಉಪಕೇಂದ್ರಗಳಲ್ಲಿ ಬದಲಿಸಿ, ಉಳಿದವನ್ನು ಹಾಗೆಯೇ ಬಿಟ್ಟು ಹೋಲಿಸಿ. ಈ ಎಣಿಕೆಗೆಂದು ಆಶಾ ಕಾರ್ಯಕರ್ತೆಯ ಚೀಲಕ್ಕೆ ಇನ್ನೊಂದು ರಿಜಿಸ್ಟರ್ ಮಾತ್ರ ತುರುಕಬೇಡಿ. ಈಗಿರುವವೇ ಆಕೆಯ ಹೆಗಲಿಗೆ ಭಾರ.