ಗೆದ್ದವರಿಗೆ ಒಂದು ಟೀ ಪಾಟ್

ತಿಪಟೂರಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: “ನ್ಯೂಜೆರ್ಸಿಯ ಮಗನ ಮನೆಯಲ್ಲಿ ಐದು ತಿಂಗಳಿದ್ದು, ಬರುವಾಗ ಲೆಸ್ಟರ್‌ನ ಮಗಳ ಮನೆಯಲ್ಲಿ ಒಂದು ತಿಂಗಳು ಉಳಿದೆ. ಎರಡೂ ಕಡೆ ಟಿವಿಯಲ್ಲಿ ಕ್ವಿಜ್ ನೋಡಿದೆ. ಅಮೆರಿಕದಲ್ಲಿ ಗೆದ್ದವರಿಗೆ ಸಾವಿರಾರು ಡಾಲರ್. ಬ್ರಿಟನ್‌ನಲ್ಲಿ ಟೀ ಪಾಟ್ ಕೊಟ್ಟು ಕಳಿಸಿದರು! ಅವರಿಗೆ ದುಡ್ಡು, ಇವರಿಗೆ ಜ್ಞಾನ ಅಂತ ತಿಳಿಯಬಹುದೇ? ಇನ್ನೊಂದು: ಅಮೆರಿಕದ ‘ಜೆಪರ್ಡಿ’ ಕ್ವಿಜ್ ನೋಡುವಾಗ ನಾನು ಸರಿಯುತ್ತರ ಹೇಳಿದರೂ ಮೊಮ್ಮಗ ಒಪ್ಪುತ್ತಿರಲಿಲ್ಲ. ಯಾಕೆ?”

ಮೇಷ್ಟ್ರೇ, ನೀವು ನೋಡಿದ್ದು ‘ಕೌಂಟ್‌ಡೌನ್’ ಇರಬೇಕು. 1982ರಲ್ಲಿ ಬ್ರಿಟನ್‌ನ ಚಾನೆಲ್ 4 ಶುರುವಾದ ದಿನ ಮೊದಲು ಬಂದ ಕಾರ್ಯಕ್ರಮವೇ ಅದು. ಟೀ ಪಾಟ್ ಅದರ ಹೆಸರುವಾಸಿ ಬಹುಮಾನ. ಬಿಬಿಸಿಯ ‘ಮಾಸ್ಟರ್‌ಮೈಂಡ್’ ಗೆದ್ದರೆ ಗಾಜಿನ ಬಟ್ಟಲು. 1980ರಲ್ಲಿ ಆ ಬಟ್ಟಲು ಗೆದ್ದ ಫ್ರೆಡ್ ಹೌಸ್‌ಗೋ ಲಂಡನ್‌ನ ಟ್ಯಾಕ್ಸಿ ಚಾಲಕ. ದುಡ್ಡು ಬರಲಿಲ್ಲ, ಹೆಸರು ಮಾತ್ರ ದೇಶಕ್ಕೆಲ್ಲ ಗೊತ್ತಾಯಿತು.

ಈ ಮಾಸ್ಟರ್‌ಮೈಂಡ್ ಹುಟ್ಟಿದ ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಅದನ್ನು ರೂಪಿಸಿದ ಬಿಲ್ ರೈಟ್ ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಸೆರೆಯಾಗಿದ್ದವರು. ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ನಡೆಸಿದ ವಿಚಾರಣೆಯ ನೆನಪೇ 1972ರಲ್ಲಿ ಆಟವಾಯಿತು. ಕತ್ತಲ ಕೋಣೆ, ಒಂಟಿ ಕಪ್ಪು ಕುರ್ಚಿ, ಮುಖದ ಮೇಲೆ ಬೆಳಕು. ಅಂದು ಸೆರೆಯಾಳು ಹೆಸರು, ಹುದ್ದೆ, ನಂಬರ್ ಹೇಳಬೇಕಿತ್ತು. ಇಲ್ಲಿ ಹೆಸರು, ಉದ್ಯೋಗ, ವಿಷಯ. ಗೆದ್ದರೂ ಅಂಥ ಕುರ್ಚಿಯಿಂದ ಎದ್ದು ಕುಣಿಯುವುದು ಹೇಗೆ, ಹೇಳಿ!

ಆದರೂ ನಿಮ್ಮ ತೀರ್ಮಾನ ನಾನು ಒಪ್ಪಲಾರೆ. ಬ್ರಿಟಿಷರ ಹೆಮ್ಮೆಯ ‘ಯೂನಿವರ್ಸಿಟಿ ಚಾಲೆಂಜ್’ (1962) ಅಮೆರಿಕದ ‘ಕಾಲೇಜ್ ಬೌಲ್’ನಿಂದ ಬಂದದ್ದು. ಅಮೆರಿಕದ ‘64,000 ಡಾಲರ್’ ಆಟ 1956ರಲ್ಲಿ ಬ್ರಿಟನ್ನಿಗೆ ಬಂದಾಗ ಮೊದಲು 64,000 ಎಂದು ಎಣಿಸಿದ್ದು ಆರು ಪೆನ್ಸ್ ನಾಣ್ಯಗಳನ್ನು. ಅಂದರೆ ಒಟ್ಟು 1,600 ಪೌಂಡ್. ಆಮೇಲೆ ಖಾಸಗಿ ಟಿವಿಯ ಬಹುಮಾನಕ್ಕೆ ಸರ್ಕಾರಿ ನಿಯಂತ್ರಕರೇ ಮಿತಿ ಹಾಕಿದರು. ಅದು ಸಡಿಲವಾಗಿದ್ದು 90ರ ದಶಕದಲ್ಲಿ. ಬಿಬಿಸಿಯದಂತೂ ಜನ ಕಟ್ಟುವ ಲೈಸೆನ್ಸ್ ಶುಲ್ಕದ ದುಡ್ಡು, ಸುಮ್ನೆ ಹಂಚುವ ಹಾಗಿಲ್ಲ. ಹಾಗಾಗಿ ಟೀ ಪಾಟ್‌ನ ಹಿಂದೆ ಸಂಸ್ಕೃತಿಯಷ್ಟೇ ಕಾಯ್ದೆಯೂ ಇದೆ.

ಕಟ್ಟು ಸಡಿಲವಾದ ಮೇಲೆ ಏನಾಯಿತು? ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಹುಟ್ಟಿತು, 1998ರಲ್ಲಿ. ಅದೂ ಬ್ರಿಟನ್‌ನಲ್ಲೇ! ನಮ್ಮ ಕನ್ನಡದ ಕೋಟ್ಯಧಿಪತಿಯ ಮೂಲವೂ ಅದೇ.

ಹಾಗಂತ ವ್ಯತ್ಯಾಸವೇ ಇಲ್ಲ ಎನ್ನುತ್ತಿಲ್ಲ. ಅಮೆರಿಕದ ಮಿಲಿಯನೇರ್‌ನ ಮೊದಲ ವಿಜೇತ ಜಾನ್ ಕಾರ್ಪೆಂಟರ್, ತೆರಿಗೆ ಇಲಾಖೆಯವರು. 1999ರಲ್ಲಿ ಕೊನೆಯ ಪ್ರಶ್ನೆಗೆ ಅಪ್ಪನಿಗೆ ಫೋನ್ ಮಾಡಿದರು. ಸಹಾಯಕ್ಕಲ್ಲ, ಮಿಲಿಯನ್ ಡಾಲರ್ ಗೆಲ್ಲುತ್ತಿದ್ದೇನೆ ಎಂದು ತಿಳಿಸಲು! ನನಗೆ ಇದು ದುರಾಸೆಯಾಗಿ ಕಾಣುವುದಿಲ್ಲ. ಗೊತ್ತಿರುವುದನ್ನು ಗೊತ್ತು ಎನ್ನಲು ಅವರಿಗೆ ನಾಚಿಕೆಯಿಲ್ಲ, ಅಷ್ಟೇ. ಜೆಪರ್ಡಿಯ ಕೊನೆಯ ಸುತ್ತಿನಲ್ಲೂ ವಿಷಯ ಮಾತ್ರ ತಿಳಿಸಿ, ಪ್ರಶ್ನೆ ತೋರಿಸುವ ಮೊದಲೇ ‘ಎಷ್ಟು ಪಣ?’ ಎನ್ನುತ್ತಾರೆ. ನಿಮ್ಮ ಮೇಲೆ ನಿಮಗೆಷ್ಟು ಭರವಸೆ ಅಂತ ಕೇಳಿದ ಹಾಗೆ. ಯೂನಿವರ್ಸಿಟಿ ಚಾಲೆಂಜ್‌ನಲ್ಲಿ ಪ್ರಶ್ನೆ ಮುಗಿಯುವ ಮೊದಲೇ ಬಜರ್ ಒತ್ತಿ ತಪ್ಪು ಹೇಳಿದರೆ ಐದು ಅಂಕ ಕಟ್. ದಶಕಗಳ ಕಾಲ ಅಲ್ಲಿ ಪ್ರಶ್ನೆ ಕೇಳಿದ ಜೆರೆಮಿ ಪ್ಯಾಕ್ಸ್‌ಮನ್ ಹುಬ್ಬೇರಿಸಿ ನೋಡುತ್ತಿದ್ದುದು ಬೇರೆ! ನಮ್ಮ ಶಾಲೆಗಳನ್ನು ಕಂಡವರಿಗೆ ಆ ನೋಟ ಹೊಸತಲ್ಲ, ಅಲ್ವಾ ಮೇಷ್ಟ್ರೇ?

ಚಂದನದ ‘ಥಟ್ ಅಂತ ಹೇಳಿ’ಯನ್ನು ಯಾವ ಕಡೆ ಸೇರಿಸೋಣ? ನಾ. ಸೋಮೇಶ್ವರ ಅವರು ಅಲ್ಲಿ ಕೊಡುವುದು ಪುಸ್ತಕ. ಟೀ ಪಾಟ್‌ಗೆ ಹತ್ತಿರ ಎನ್ನಿ.

ಇನ್ನು ಮೊಮ್ಮಗನ ವಿಷಯ. 50ರ ದಶಕದಲ್ಲಿ ಅಮೆರಿಕದ ‘ಟ್ವೆಂಟಿ ಒನ್’ ಆಟದಲ್ಲಿ ಚಾರ್ಲ್ಸ್ ವ್ಯಾನ್ ಡೋರೆನ್ ಎಂಬ ಅಧ್ಯಾಪಕರಿಗೆ ಮೊದಲೇ ಉತ್ತರ ಕೊಟ್ಟಿದ್ದರು. 1959ರಲ್ಲಿ ಅವರೇ ಸಂಸತ್ತಿನ ಸಮಿತಿಯ ಮುಂದೆ ತಪ್ಪೊಪ್ಪಿಕೊಂಡರು. ಕ್ವಿಜ್ ಎಂದರೆ ಜನ ಮೂಗು ಮುರಿಯುವಂತಾಯಿತು. ಆಗ ಟಿವಿ ಕಾರ್ಯಕ್ರಮಗಳನ್ನು ರೂಪಿಸುತ್ತಿದ್ದ ಮರ್ವ್ ಗ್ರಿಫಿನ್‌ಗೆ ಹೆಂಡತಿ ಜೂಲಾನ್ ಒಂದು ಉಪಾಯ ಹೇಳಿದರು: ಉತ್ತರವನ್ನು ನಾವೇ ಕೊಟ್ಟುಬಿಡೋಣ, ಆಡುವವರು ಪ್ರಶ್ನೆ ಹೇಳಲಿ. 1964ರಲ್ಲಿ ಜೆಪರ್ಡಿ ಬಂದಿದ್ದು ಹಾಗೆ. ಆದ್ದರಿಂದ ಮುಂದಿನ ಸಲ ‘ಕುವೆಂಪು’ ಎನ್ನಬೇಡಿ, ‘ಕುವೆಂಪು ಯಾರು?’ ಎನ್ನಿ. ಹುಡುಗ ಅಂಕ ಕೊಡುತ್ತಾನೆ.